ತೌಡಿಗೆ ಕೊಟ್ಟ ಮಗಳು

ಆಂಧ್ರದ ಕಲ್ಯಾಣದುರ್ಗದ ತಹಶೀಲ್ದಾರ್ ಕಚೇರಿಯ ಎದುರಿಗೆ ಒಂದು ಜೆರಾಕ್ಸ್ ಅಂಗಡಿ ಇದೆ. ಅಲ್ಲಿ ನಾನು ಅರ್ಜಿ ಟೈಪ್ ಮಾಡುತ್ತೇನೆ. ಜಾತಿ ಪತ್ರ, ಆದಾಯ ಪತ್ರ, ಹೆಸರಿನ ತಿದ್ದುಪಡಿ, ಗಂಡ ಸತ್ತಿದ್ದಾನೆಂದು ಒಂದು, ಸತ್ತಿದ್ದಾನೆಂದು ಯಾರೋ ಬರೆಸಿದ ಗಂಡ ಇನ್ನೂ ಬದುಕಿದ್ದಾನೆಂದು ಇನ್ನೊಂದು. ಹಳ್ಳಿಗಳಿಂದ ಜೀಪಿನಲ್ಲಿ ನೇತಾಡಿಕೊಂಡು ಬಂದವರು ನನ್ನ ಮುಂದೆ ಕೂತು ಹುಟ್ಟಿದಾಗಿನಿಂದ ಕಥೆ ಶುರು ಮಾಡುತ್ತಾರೆ. "ಅದೆಲ್ಲ ಬ್ಯಾಡ ಕಣಪ್ಪ, ಕಾಗ್ದದಾಗೆ ಏನೈತೆ ಅದ್ಹೇಳು" ಎಂದು ಗದರುತ್ತೇನೆ. ಬಜಾರಿ ಅಂತ ಹೆಸರು ಬಂದಿದೆ. ಬರಲಿ. ಅವರ ಕಥೆ ಮುಗಿಯುವ ತನಕ ಕಚೇರಿಯ ಸರ್ವರ್ ಕಾಯುತ್ತಾ ಕೂತಿರುತ್ತದೆಯೇ?

ಅವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಹಾಗೆ ಗದರುವವಳ ಕಾಗದವೇ ಸುಳ್ಳು. ನನ್ನ ಜನನ ಪತ್ರದಲ್ಲಿ ತಾಯಿ ಎಂಬಲ್ಲಿ ಇರುವುದು ನನ್ನ ಚಿಕ್ಕಮ್ಮನ ಹೆಸರು. ನನ್ನನ್ನು ಹೆತ್ತವಳು ಚಿಕ್ಕಮ್ಮನ ಅಕ್ಕ, ಹಿಂದೂಪುರದ ನೇಕಾರರ ಬೀದಿಯವಳು. ಅವಳನ್ನು ನಾನು ಬದುಕಿನ ಬಹುಪಾಲು ದೊಡ್ಡಮ್ಮ ಎಂದೇ ಕರೆದೆ. ಹೀಗಾದದ್ದು ಒಂದು ಕಾನೂನಿನಿಂದ ಮತ್ತು ಒಂದು ಮೊರ ತೌಡಿನಿಂದ. ತೌಡಿನ ವಿಷಯವನ್ನೇ ಮೊದಲು ಹೇಳುತ್ತೇನೆ, ನಮ್ಮ ಮನೆಗೆ ಅದೇ ಮೊದಲು ಬಂದದ್ದು.

ನನ್ನ ಅಜ್ಜಿಗೆ, ಎಂದರೆ ಅಮ್ಮನ ತಾಯಿಗೆ, ಮೊದಲ ಎರಡು ಕೂಸು ಉಳಿಯಲಿಲ್ಲ. ಮೂರನೆಯದು ಅಮ್ಮ. ಕೂಸು ಉಳಿಯದ ಮನೆಯಲ್ಲಿ ನಮ್ಮ ಕಡೆ ಒಂದು ಪದ್ಧತಿ ಉಂಟು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ನೆರೆಮನೆಯವರಿಗೆ ಮಾರಿಬಿಡುವುದು. ಅವರು ಕೂಸನ್ನು ಎತ್ತಿಕೊಂಡು, ಅದೇ ಮೊರದ ತುಂಬ ತೌಡು ಸುರಿದು ಕೊಡುತ್ತಾರೆ. ಅಲ್ಲಿಂದ ಕೂಸು ಅವರದು. ಹೆತ್ತವಳು ಯಾರದೋ ಕೂಸಿಗೆ ಹಾಲು ಕೊಡುವವಳಂತೆ ಅದನ್ನು ಮನೆಗೆ ತಂದು ಸಾಕುತ್ತಾಳೆ. ಯಮ ಬಾಗಿಲಿಗೆ ಬಂದರೆ ಈ ಮನೆಯಲ್ಲಿ ಈ ಮನೆಯ ಕೂಸು ಇಲ್ಲ, ಬರಿಗೈಯಲ್ಲಿ ಹೋಗಬೇಕು. ಮುಂದೆ ಮದುವೆಗೆ ಮುಂಚೆ ಒಂದು ಮೊರ ತೌಡು ವಾಪಸು ಕೊಟ್ಟು ಮಗಳನ್ನು ಬಿಡಿಸಿಕೊಳ್ಳುತ್ತಾರೆ. ಅಮ್ಮನನ್ನು ಹೀಗೆ ಪಕ್ಕದ ಒಕ್ಕಲಿಗರ ಮನೆಗೆ ಮಾರಿದ್ದರು. ಉಳಿದಳು. ಆಮೇಲೆ ಹುಟ್ಟಿದ ಚಿಕ್ಕಮ್ಮನೂ ಉಳಿದಳು. ಅಜ್ಜಿಗೆ ತೌಡಿನ ಮೇಲೆ ಇದ್ದ ನಂಬಿಕೆ ಡಾಕ್ಟರ ಮೇಲೆ ಯಾವತ್ತೂ ಬರಲಿಲ್ಲ.

ಈಗ ಕಾನೂನು. ಆಂಧ್ರದಲ್ಲಿ ಆಗ ಮೂರನೆಯ ಮಗು ಹೆತ್ತವರು ಪಂಚಾಯಿತಿಗೂ ಮುನಿಸಿಪಾಲಿಟಿಗೂ ನಿಲ್ಲುವಂತಿರಲಿಲ್ಲ. ಜನಸಂಖ್ಯೆ ಕಡಿಮೆ ಆಗಬೇಕು, ಮುಂದೆ ನಿಂತವರು ಜನಕ್ಕೆ ಮಾದರಿ ಆಗಬೇಕು ಎಂದು ಮಾಡಿದ ಕಾನೂನು. ಒಳ್ಳೆಯ ಉದ್ದೇಶವೇ, ನಾನು ಇಲ್ಲ ಅನ್ನುವುದಿಲ್ಲ. ನಮ್ಮಪ್ಪನಿಗೆ ಒಂದು ಹುಚ್ಚಿತ್ತು. ಹಗಲೆಲ್ಲ ಮಗ್ಗ, ಸಂಜೆಯಾದರೆ ಹೆಗಲ ಮೇಲೆ ಟವಲ್ಲು ಹಾಕಿಕೊಂಡು ಟೀ ಅಂಗಡಿಯಲ್ಲಿ ರಾಜಕೀಯ. ವಾರ್ಡಿಗೆ ನಿಲ್ಲುತ್ತೇನೆಂದು ಎಷ್ಟೋ ವರ್ಷದಿಂದ ಹೇಳಿಕೊಂಡು ತಿರುಗಿದ್ದ. ಅಷ್ಟರಲ್ಲಿ ವಾರ್ಡು ಹೆಂಗಸರಿಗೆ ಮೀಸಲಾಯಿತು. ಅಪ್ಪ ಎರಡು ದಿನ ತಲೆ ಮೇಲೆ ಕೈ ಹೊತ್ತು ಕೂತು, ಮೂರನೆಯ ದಿನ ಅಮ್ಮನ ಕಡೆ ನೋಡಿದನಂತೆ. ಅಮ್ಮನ ಹೊಟ್ಟೆಯಲ್ಲಿ ಐದು ತಿಂಗಳ ನಾನಿದ್ದೆ. ಅಣ್ಣ, ಅಕ್ಕ ಆದ ಮೇಲೆ ಮೂರನೆಯವಳು.

ಪರಿಚಯದ ವಕೀಲರೊಬ್ಬರನ್ನು ಕೇಳಿದರು. ಕೂಸನ್ನು ದತ್ತು ಕೊಟ್ಟುಬಿಟ್ಟರೆ? ಅದೂ ನಡೆಯುವುದಿಲ್ಲವಂತೆ. ಕಾನೂನು ಹೆತ್ತದ್ದನ್ನು ನೋಡುತ್ತದೆಯೇ ಹೊರತು ಸಾಕಿದ್ದನ್ನಲ್ಲ. ತೆಗೆಸೋಣ ಎಂದರೆ ಸಮಯ ಮೀರಿತ್ತು, ಅಮ್ಮನೂ ಒಪ್ಪಲಿಲ್ಲ. ಆಗ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಬಾಯಿ ಹಾಕಿದಳು.

"ಅಯ್ಯೋ ಬಿಡ್ರಲಾ. ಯಮಧರ್ಮಂಗೇ ತೌಡು ತೋರ್ಸಿ ಏಮಾರ್ಸ್ಬುಟ್ಟೀವಿ, ಈ ಸರ್ಕಾರ ಏನ್ ಮಹಾ? ತಂಗಿ ಹೆಸ್ರಿಗೆ ಬರ್ಸಿ. ಗದ್ದಲ ಎಲ್ಲ ಮುಗುದ್ಮೇಲೆ ಬಿಡಿಸ್ಕಂಡ್ರಾಯ್ತು."

ನಮ್ಮವರು ಮಾಡಿದ ತಪ್ಪು ಇದೊಂದೇ. ಸರ್ಕಾರವೂ ಯಮನ ಹಾಗೇ ಇರುತ್ತದೆ ಎಂದುಕೊಂಡರು. ಯಮ ಮೋಸ ಹೋದರೆ ಸುಮ್ಮನೆ ಹೋಗುತ್ತಾನೆ, ಹಿಂದೆ ಬಿಟ್ಟುಹೋಗುವ ಕಾಗದ ಏನೂ ಇರುವುದಿಲ್ಲ. ಅಲ್ಲಿ ಕೂತಿದ್ದ ಒಬ್ಬರಿಗೂ ಅದು ಹೊಳೆಯಲಿಲ್ಲ.

ಅಮ್ಮ ನೇಯುತ್ತಿದ್ದುದು ಕುಣಿಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಸಿ ಕೂತು ನೇಯುವುದರಿಂದ ಎದೆಯಿಂದ ಕೆಳಗೆ ಯಾರಿಗೂ ಏನೂ ಕಾಣುವುದಿಲ್ಲ. ಮನೆಗೆ ಯಾರಾದರೂ ಬಂದರೆ ಅಮ್ಮ ಗುಂಡಿಗೆ ಇಳಿದು ಕೂರುತ್ತಿದ್ದಳಂತೆ. ಅತ್ತ ಕಲ್ಯಾಣದುರ್ಗದಲ್ಲಿ, ಮಕ್ಕಳಿಲ್ಲದ ನನ್ನ ಚಿಕ್ಕಮ್ಮ, ಹೊಟ್ಟೆಗೆ ಹಳೆಯ ಸೀರೆ ಸುತ್ತಿಕೊಂಡು ಓಡಾಡತೊಡಗಿದಳು. "ಬಿಸ್ಲಾಗೆ ಬೆವರಿ ಬೆವರಿ ಸಾಯ್ತಿದ್ದೆ ಕಣಮ್ಮ, ಆದ್ರೂ ಜನ ಎದ್ದು ಬಸ್ಸಾಗೆ ಸೀಟು ಕೊಡೋರು" ಎಂದು ಈಗಲೂ ನಗುತ್ತಾಳೆ. ಪಾಪ, ಅವಳಿಗೆ ಅಷ್ಟೇ ಸಿಕ್ಕಿದ್ದು. ಏಳು ತುಂಬುವಾಗ ಅಮ್ಮ ತಂಗಿಯ ಬಾಣಂತನಕ್ಕೆ ಹೋಗುತ್ತೇನೆಂದು ಬೀದಿಗೆಲ್ಲ ಹೇಳಿ ಕಲ್ಯಾಣದುರ್ಗಕ್ಕೆ ಹೋದಳು. ಹೆರಿಗೆಯ ದಿನ ಆಸ್ಪತ್ರೆಯಲ್ಲಿ ತಂಗಿಯ ಹೆಸರು ಬರೆಸಿ ಮಲಗಿದಳು. ಮೂರನೆಯ ದಿನ ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ ಅಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿದಳು. ಚಿಕ್ಕಮ್ಮ ಎತ್ತಿಕೊಂಡು ಮೊರದ ತುಂಬ ತೌಡು ಸುರಿದಳು. ಜನನ ಪತ್ರವನ್ನು ಚಿಕ್ಕಪ್ಪ ತಂದುಕೊಟ್ಟ.

ಚುನಾವಣೆ ಬಂತು, ಅಮ್ಮ ಗೆದ್ದಳು. ನಾಲ್ಕು ತಿಂಗಳ ಕೂಸಾದ ನಾನು ಹಿಂದೂಪುರದ ಮನೆಗೆ ಬಂದೆ, ತಂಗಿಗೆ ಮೈ ಹುಷಾರಿಲ್ಲ, ಮಗೂನ ಅಕ್ಕ ಸಾಕುತ್ತಾಳೆ ಎಂಬ ಮಾತಿನ ಜೊತೆ.

ನನಗೆ ನೆನಪಿರುವ ಮೊದಲ ಪಾಠ ಹೊಸ್ತಿಲಿನದು. ಹೊಸ್ತಿಲ ಒಳಗೆ ಅಮ್ಮ, ಹೊಸ್ತಿಲು ದಾಟಿದರೆ ದೊಡ್ಡಮ್ಮ. ಬಾಗಿಲಿಗೆ ಯಾರಾದರೂ ಬಂದು "ಈ ಪಾಪ ಎವರಮ್ಮಾ?" ಎಂದು, ಯಾರೀ ಕೂಸು ಎಂದು, ತೆಲುಗಿನಲ್ಲಿ ಕೇಳಿದರೆ ಅಮ್ಮ ಉತ್ತರ ಕೊಡುವ ಮೊದಲೇ ನಾನು "ಮಾ ಪೆದ್ದಮ್ಮ", ನಮ್ಮ ದೊಡ್ಡಮ್ಮ, ಎಂದು ಅವಳ ಸೀರೆ ಹಿಡಿದುಕೊಳ್ಳುತ್ತಿದ್ದೆ. ಎಲ್ಲರೂ ಎಷ್ಟು ಚೂಟಿ ಎಂದು ಹೊಗಳುತ್ತಿದ್ದರು. ಅಣ್ಣನೂ ಅಕ್ಕನೂ ಜಗಳ ಬಂದಾಗ "ಹೋಗೇ, ತೌಡಿಗೆ ತಂದೋಳು" ಎಂದು ಕಾಡುತ್ತಿದ್ದರು. ನಾನು ಅಳುತ್ತಿದ್ದೆ. ಅಮ್ಮ ಮಗ್ಗದಿಂದಲೇ ಕೈಗೆ ಸಿಕ್ಕ ಲಾಳಿ ಎತ್ತಿ ಅವರಿಗೆ ತೋರಿಸುತ್ತಿದ್ದಳು, ಎಸೆಯುತ್ತಿರಲಿಲ್ಲ.

ಅಮ್ಮನ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಮೊದಮೊದಲು ಅವಳ ಕೆಲಸವನ್ನೆಲ್ಲ ಅಪ್ಪನೇ ಮಾಡುತ್ತಿದ್ದ. ಸಭೆಗೂ ಜೊತೆಗೆ ಹೋಗಿ, ಫೋನೂ ಅವನೇ ತೆಗೆದು, ಸಹಿ ಮಾತ್ರ ಅವಳಿಂದ ಹಾಕಿಸುತ್ತಿದ್ದ. ಒಂದು ಮಳೆಗಾಲ ಚರಂಡಿ ನೀರು ಬೀದಿಯ ಕುಣಿಮಗ್ಗಗಳ ಗುಂಡಿಗೆಲ್ಲ ನುಗ್ಗಿ, ಮಗ್ಗದ ಮೇಲಿದ್ದ ರೇಷ್ಮೆ ಹಾಳಾಯಿತು. ಮುಂದಿನ ಸಭೆಯಲ್ಲಿ ಅಪ್ಪ ಮಾತಾಡಲು ಎದ್ದಾಗ ಅಮ್ಮ ಅವನ ಟವಲ್ಲು ಹಿಡಿದು ಕೂರಿಸಿ, ತಾನೇ ಎದ್ದು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಆ ಸಭೆಯ ನೀರಿಳಿಸಿದಳಂತೆ. ಚರಂಡಿ ಆಯಿತು. ಅಮ್ಮ ಬದಲಾದಳು. ಸೆರಗು ಸರಿಮಾಡಿಕೊಂಡು ಬೀದಿಯ ನಡುವೆ ನಡೆಯಲು ಕಲಿತಳು. ಹೆಂಗಸರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಹೆಂಗಸರಿಗೆ ಜಾಗ ಇಡು ಎಂದ ಕಾನೂನು ಇಲ್ಲದಿದ್ದರೆ ಅವಳು ಆ ಗುಂಡಿಯಲ್ಲೇ ಕಾಲಿಳಿಸಿಕೊಂಡು ಮುದುಕಿಯಾಗುತ್ತಿದ್ದಳು. ಒಂದು ಕಾನೂನು ಅವಳನ್ನು ಗುಂಡಿಯಿಂದ ಎತ್ತಿತು, ಇನ್ನೊಂದು ಅವಳ ಮಡಿಲಿನಿಂದ ನನ್ನನ್ನು ಎತ್ತಿತು. ನಾನು ಯಾವುದನ್ನು ಬೈಯಲಿ?

ಎರಡನೆಯ ಸಲವೂ ಅಮ್ಮ ಗೆದ್ದಳು. ಸೋತವರು ಸುಮ್ಮನೆ ಕೂರಲಿಲ್ಲ. ಆಕೆಗೆ ಮೂರು ಮಕ್ಕಳಿವೆ, ಮೂರನೆಯದನ್ನು ತಂಗಿ ಹೆಸರಿನಲ್ಲಿ ಬಚ್ಚಿಟ್ಟಿದ್ದಾಳೆ ಎಂದು ಕೋರ್ಟಿಗೆ ಹೋದರು. ಕೇಸು ಎಳೆದು ಎಳೆದು ವಿಚಾರಣೆಗೆ ಬರುವಷ್ಟರಲ್ಲಿ ನನಗೆ ಎಂಟು ತುಂಬಿತ್ತೋ ಇಲ್ಲವೋ. ಹುಡುಗಿ ಮನೆಯಲ್ಲಿ ಇರಬಾರದು, ಫೋಟೋ ಒಂದೂ ಇರಬಾರದು ಎಂದರು ವಕೀಲರು. ಅಪ್ಪ ಅಂಗಳದಲ್ಲಿ ಕಂಬಳಿ ಹಾಸಿ, ಆಲ್ಬಮ್ಮು ಬಿಚ್ಚಿ, ಕತ್ತರಿ ಹಿಡಿದು ಕೂತ. ಅಮ್ಮನ ತೊಡೆ ಮೇಲೆ ನಾನಿದ್ದದ್ದು, ಅಕ್ಕನ ಪಕ್ಕ ನಾನು ಹಲ್ಲು ಬಿಟ್ಟುಕೊಂಡು ನಿಂತದ್ದು, ಎಲ್ಲದರಿಂದಲೂ ನನ್ನನ್ನು ಕತ್ತರಿಸಿದ. ಕತ್ತರಿಸಲಾಗದ್ದನ್ನು ಒಲೆಗೆ ಹಾಕಿದ. ನಾನು ಪಕ್ಕದಲ್ಲೇ ಕೂತು ಚೂರುಗಳನ್ನು ಆಯ್ದು ಕೊಡುತ್ತಿದ್ದೆ. ಅಮ್ಮ ಒಳಗೆ ನೇಯುತ್ತಿದ್ದಳು. ಲಾಳಿಯ ಸದ್ದು ನಿಲ್ಲಲೇ ಇಲ್ಲ. ಅದೇ ದಿನ ಮಧ್ಯಾಹ್ನದ ಬಸ್ಸಿಗೆ ನನ್ನನ್ನು ಕಲ್ಯಾಣದುರ್ಗಕ್ಕೆ ಕಳಿಸಿದರು.

ಅಮ್ಮ ಹೇಳಿಕೆ ಕೊಡುವ ದಿನ ಚಿಕ್ಕಮ್ಮ ನನ್ನನ್ನು ಕೋರ್ಟಿಗೆ ಕರೆದುಕೊಂಡು ಬಂದಳು. ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಎಲ್ರೂ ಕೇಳಂಗೆ ನನ್ನ ಅಮ್ಮ ಅನ್ನು, ಜೋರಾಗಿ" ಎಂದಳು. ನಾನು ಅಂದೆ, ಜೋರಾಗಿಯೇ ಅಂದೆ. ಅಷ್ಟರಲ್ಲಿ ನನ್ನ ನಿಜವಾದ ಅಮ್ಮ ಇಸ್ತ್ರಿ ಸೀರೆ ಉಟ್ಟು ನಮ್ಮ ಮುಂದೆಯೇ ಹಾದುಹೋದಳು. ತಿರುಗಿ ನೋಡಲಿಲ್ಲ. ಒಳಗೆ ಪ್ರಮಾಣ ಮಾಡಿ, ಆಕೆ ನನ್ನ ತಂಗಿ ಮಗಳು, ನಾನು ಹೆತ್ತಿದ್ದು ಇಬ್ಬರನ್ನೇ ಎಂದು ಹೇಳಿದಳು. ಕೇಸು ಗೆದ್ದರು. ಹಿಂದೂಪುರದ ಮನೆಯ ಮುಂದೆ ಪಟಾಕಿ ಹೊಡೆದರಂತೆ. ನಾನು ಕಲ್ಯಾಣದುರ್ಗದಲ್ಲಿ ಚಿಕ್ಕಮ್ಮ ಮಾಡಿಕೊಟ್ಟ ಒಬ್ಬಟ್ಟು ತಿನ್ನದೆ ಕೂತಿದ್ದೆ.

ಆಮೇಲೆ ನನ್ನ ನಾಲಿಗೆ ತಿರುಗಲೇ ಇಲ್ಲ. ರಜೆಗೆ ಹಿಂದೂಪುರಕ್ಕೆ ಹೋದರೂ, ಬಾಗಿಲು ಹಾಕಿಕೊಂಡು ಇಬ್ಬರೇ ಕೂತರೂ, ಬಾಯಿಗೆ ಬರುತ್ತಿದ್ದುದು ದೊಡ್ಡಮ್ಮ. ಮೊದಲ ಸಲ ಹಾಗೆ ಕರೆದಾಗ ಅಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಊಟಕ್ ಬಾ" ಎಂದಳು. ತಿದ್ದಲಿಲ್ಲ. ಅದಕ್ಕೆ ನಾನು ಅವಳನ್ನು ಎಷ್ಟೋ ವರ್ಷ ಕ್ಷಮಿಸಲಿಲ್ಲ. ಮದುವೆಯ ಮಾತು ಬಂದಾಗಲೂ ಅದೇ ಗೋಳು. ರಕ್ತದಲ್ಲಿ ಅಪ್ಪನ ಗೋತ್ರ, ಕಾಗದದಲ್ಲಿ ಚಿಕ್ಕಪ್ಪನ ಗೋತ್ರ, ಎರಡನ್ನೂ ಬಿಟ್ಟು ಗಂಡು ಹುಡುಕಬೇಕು. ಏಕೆ ಎರಡು ಎಂದು ಕೇಳಿದವರಿಗೆ ಹೇಳುವಂತಿಲ್ಲ. ಎರಡು ಸಂಬಂಧ ತಪ್ಪಿದ ಮೇಲೆ ಸಾಕು ಮಾರಾಯರೇ ಎಂದು ನಾನೇ ಕೈಮುಗಿದೆ.

ಅಜ್ಜಿ ಹೋದಳು, ಚಿಕ್ಕಪ್ಪ ಹೋದ, ಅಪ್ಪನೂ ಹೋದ. ಅಮ್ಮ ಆಮೇಲೆ ಚುನಾವಣೆಯ ತಂಟೆಗೆ ಹೋಗದೆ ಮಗ್ಗಕ್ಕೇ ಮರಳಿದಳು. ಕೂತು ಕೂತು ಬಂದ ಸೊಂಟನೋವಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಕಡಲೆಬೀಜದ ಹಾಗೆ ನುಂಗಿದಳು. ಕಾಲು ಊದಿಕೊಂಡಾಗ ತೋರಿಸಿದರೆ ಎರಡು ಕಿಡ್ನಿಯೂ ಮುಗಿದಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿಯುವ ನೀರಿಗೂ ಅಳತೆ. ಬೀದಿಗೆಲ್ಲ ನಲ್ಲಿ ಹಾಕಿಸಿದವಳು ಒಂದು ಸಣ್ಣ ಲೋಟ ಎದುರಿಗಿಟ್ಟುಕೊಂಡು ಸಂಜೆಯವರೆಗೆ ಅದನ್ನೇ ಚೀಪುತ್ತಿದ್ದಳು.

ಅದೇ ಸಮಯಕ್ಕೆ ಸರ್ಕಾರ ಆ ಕಾನೂನನ್ನು ತೆಗೆದುಹಾಕಿತು. ಎಷ್ಟು ಮಕ್ಕಳಿದ್ದರೂ ನಿಲ್ಲಬಹುದು, ಜನ ಕಡಿಮೆಯಾಗುತ್ತಿದ್ದಾರೆ, ಹೆಚ್ಚು ಹೆತ್ತರೇ ಒಳ್ಳೆಯದು ಎಂಬ ಮಾತೂ ಕೇಳಿಬಂತು. ಥೂ! ನಾನು ಅಂಗಡಿಯಲ್ಲಿ ಯಾರದೋ ಅರ್ಜಿ ಟೈಪ್ ಮಾಡುತ್ತಿದ್ದೆ, ಅಮ್ಮನ ಫೋನ್ ಬಂತು.

"ಟಿವಿನಾಗೆ ಬಂತು ಕಣಮ್ಮ. ತೆಗ್ದಾಕ್ಬುಟ್ರಂತೆ! ಇನ್ನೇನ್ ಭಯ? ನಿನ್ ಕಾಗ್ದ ಸರಿ ಮಾಡಿಸ್ಕಾ."

"ದೊಡ್ಡಮ್ಮ, ಕಾನೂನು ತೆಗೆದ್ರೆ ಹಳೇದು ಅಳಿಸಲ್ಲ. ನೀನು ಕೋರ್ಟಾಗೆ ಹೇಳಿದ್ದು ಅಲ್ಲೇ ಇರ್ತೈತೆ" ಎಂದೆ.

"ಹಂಗಾ" ಎಂದಳು. ನಾನು ಫೋನ್ ಇಟ್ಟೆ.

ಡಾಕ್ಟರು ಬೇರೆ ಕಿಡ್ನಿ ಹಾಕಿಸಿದರೆ ಬದುಕುತ್ತಾರೆ ಎಂದರು. ಅಣ್ಣನಿಗೆ ಸಕ್ಕರೆ ಕಾಯಿಲೆ. ಅಕ್ಕನ ರಕ್ತದ ಗುಂಪು ಬೇರೆ. ಚಿಕ್ಕಮ್ಮನಿಗೆ ಬಿ.ಪಿ. ಇದೆ, ಆಗುವುದಿಲ್ಲ ಎಂದರು. ನನ್ನದು ಹೊಂದಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ವರದಿ ನೋಡಿದ ಡಾಕ್ಟರು, "ತಂಗಿ ಮಗಳದ್ದು ಇಷ್ಟು ಚೆನ್ನಾಗಿ ಮ್ಯಾಚ್ ಆಗೋದು ಅಪರೂಪ" ಎಂದು ಕನ್ನಡಕದ ಮೇಲಿಂದ ನೋಡಿದರು. ನಾನು ಗೋಡೆ ನೋಡಿದೆ. ಹೆದರಿಕೆ ಇತ್ತು, ಆದರೆ ಸಂತೋಷವೂ ಆಗಿತ್ತು. ಯಾವ ಕಾಗದ ಏನೇ ಹೇಳಲಿ, ನನ್ನ ಮೈ ಅವಳ ಮೈಯನ್ನು ಗುರುತು ಹಿಡಿದಿತ್ತು.

ಆದರೆ ಅಲ್ಲೂ ಒಂದು ಕಾನೂನು. ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ, ಇಂಥವರು ಕೊಟ್ಟರೆ ಸುಲಭ. ತಂಗಿಯ ಮಗಳು ಆ ಪಟ್ಟಿಯಲ್ಲಿಲ್ಲ. ಅವಳು ಒಂದು ಸಮಿತಿಯ ಮುಂದೆ ನಿಂತು, ಪ್ರೀತಿಯಿಂದ ಕೊಡುತ್ತಿದ್ದೇನೆ, ದುಡ್ಡಿಗಲ್ಲ ಎಂದು ನಂಬಿಸಬೇಕು. ಬಡವರ ಕಿಡ್ನಿ ಯಾರೂ ಕೊಳ್ಳಬಾರದೆಂದು ಮಾಡಿದ ಕಾನೂನು. ಅದೂ ಒಳ್ಳೆಯದೇ. ನಮ್ಮ ಬಾಳಿನಲ್ಲಿ ಕೆಟ್ಟ ಕಾನೂನು ಒಂದೂ ಬರಲಿಲ್ಲ, ಅದೇ ನನಗೆ ಹೊಟ್ಟೆ ಉರಿಸುವುದು. ಯಾರ ಮೇಲಾದರೂ ಹರಿಹಾಯೋಣ ಎಂದರೆ ಎದುರಿಗೆ ಯಾರೂ ಇಲ್ಲ.

ನಿಜ ಹೇಳಿಬಿಟ್ಟರೆ? ರಕ್ತ ಪರೀಕ್ಷೆಯಲ್ಲಿ ತಾಯಿ ಮಗಳು ಎಂದು ತೋರಿಸಬಹುದಲ್ಲ? ಅಣ್ಣ ಹೊಸ ವಕೀಲರನ್ನು ಕೇಳಿದ. ತೋರಿಸಬಹುದು, ಆದರೆ ಕೋರ್ಟೇ ಅಲ್ಲವೆಂದು ತೀರ್ಪು ಕೊಟ್ಟಿದೆ, ಮೊದಲು ಅದನ್ನು ತಿದ್ದಿಸಿ, ಜನನ ಪತ್ರ ತಿದ್ದಿಸಿ ಬನ್ನಿ ಎನ್ನುತ್ತಾರೆ. ಅದಕ್ಕೆ ವರ್ಷಗಳೇ ಬೇಕು. ಅಮ್ಮನ ಹತ್ತಿರ ಇದ್ದದ್ದು ಕೆಲವೇ ತಿಂಗಳು. ಆಸ್ಪತ್ರೆಯಲ್ಲಿ ಸುಳ್ಳು ಹೆಸರು ಬರೆಸಿದ್ದಕ್ಕೆ ಚಿಕ್ಕಮ್ಮನನ್ನೂ ಎಳೆಯುತ್ತಾರೆ. ಆದ್ದರಿಂದ ಕಾಗದದಲ್ಲಿ ಇದ್ದದ್ದನ್ನೇ ಹೇಳುವುದೆಂದು ತೀರ್ಮಾನಿಸಿದೆವು. ಆಕೆ ದೊಡ್ಡಮ್ಮ, ನಾನು ತಂಗಿ ಮಗಳು, ಚಿಕ್ಕಂದಿನಲ್ಲಿ ಸಾಕಿದ ಪ್ರೀತಿಗೆ ಕೊಡುತ್ತಿದ್ದೇನೆ. ನಾನೇ ಪ್ರಮಾಣಪತ್ರ ಟೈಪ್ ಮಾಡಿದೆ. ಅಂಥದ್ದನ್ನು ದಿನಕ್ಕೆ ಹತ್ತು ಮಾಡುವವಳು, ಒಂದು ಅಕ್ಷರ ತಪ್ಪಲಿಲ್ಲ.

ಸಮಿತಿಯವರು ಜೊತೆಗಿರುವ ಹಳೆಯ ಫೋಟೋ ತನ್ನಿ ಎಂದಿದ್ದರು. ಮನೆಯೆಲ್ಲ ಹುಡುಕಿದೆವು. ಆಲ್ಬಮ್ಮಿನಲ್ಲಿ ಅಪ್ಪನ ಕತ್ತರಿ ಬಿಟ್ಟುಹೋದ ತೂತುಗಳಿದ್ದವು. ಅಮ್ಮನ ತೊಡೆಯ ಮೇಲೆ ಒಂದು ಖಾಲಿ. ಅಕ್ಕನ ಪಕ್ಕ ಒಂದು ಖಾಲಿ. ಸಿಕ್ಕಿದ್ದು ಅಕ್ಕನ ಮದುವೆಯದು ಒಂದೇ. ಅದರಲ್ಲಿ, ಮನೆಯವರು ಕಲಿಸಿದ ಪಾಠದಂತೆ, ನಾನು ಚಿಕ್ಕಮ್ಮನ ಪಕ್ಕ, ಅಮ್ಮನಿಂದ ಎಂಟು ಜನರಾಚೆ ನಿಂತಿದ್ದೇನೆ.

ಬೆಂಗಳೂರಿಗೆ ಹೊರಡುವ ದಿನ ಬೆಳಗ್ಗೆ ಚಿಕ್ಕಮ್ಮನೂ ಹಿಂದೂಪುರಕ್ಕೆ ಬಂದಿದ್ದಳು. ರೈಲಿಗೆ ಹೊತ್ತಾಗುತ್ತಿತ್ತು. ಅಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಮೊರ ತಂದಳು. ಮೊರದ ತುಂಬ ತೌಡು. ಎಲ್ಲಿಂದ ತರಿಸಿದ್ದಳೋ.

"ಸೆರಗೊಡ್ಡೇ" ಎಂದಳು ತಂಗಿಗೆ.

"ಅಕ್ಕಾ, ಈಗ್ಯಾಕೆ ಇದೆಲ್ಲ?"

"ಒಡ್ಡು ಅಂದೆ. ಮದ್ವೆ ಆಗ್ಲಿ ಅಂತ ಕಾಯ್ತಾ ಕುಂತ್ರೆ ನಾನಿರಾಕಿಲ್ಲ."

ಚಿಕ್ಕಮ್ಮ ಅಳುತ್ತಾ ಸೆರಗೊಡ್ಡಿದಳು. ಅಮ್ಮ ತೌಡು ಸುರಿದು, ನನ್ನ ಕೈ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು. ನನಗೋ ಸಿಟ್ಟು. "ರೈಲು ತಪ್ತೈತೆ, ಇದೇನು ಹೊತ್ತಲ್ಲದ ಹೊತ್ನಾಗೆ ನಿಮ್ಮ ತೌಡು" ಎಂದು ರೇಗಿದೆ. ಸೀರೆಯ ಮೇಲೆ ಬಿದ್ದ ತೌಡನ್ನು ಕೊಡವಿದೆ. ಅವಳು ಏನು ಮಾಡಲು ಹೊರಟಿದ್ದಾಳೆಂದು ಆಗಲೇ ತಿಳಿಯಬೇಕಿತ್ತು. ಊರಿನವರ ಕಾಗದ ಓದುವವಳಿಗೆ ತಾಯಿಯ ಮುಖ ಓದಲು ಬರಲಿಲ್ಲ.

ಸಮಿತಿಯವರು ಒಬ್ಬೊಬ್ಬರನ್ನೇ ಒಳಗೆ ಕರೆದರು. ಮೊದಲು ನನ್ನನ್ನು. ಎದುರಿಗೆ ಐದಾರು ಜನ, ಪಕ್ಕದಲ್ಲಿ ಒಂದು ವಿಡಿಯೋ ಕ್ಯಾಮೆರಾ. ಮದುವೆ ಆಗಿದೆಯಾ, ಎಷ್ಟು ಓದಿದ್ದೀರಿ, ಯಾರಾದರೂ ಏನಾದರೂ ಕೊಡುತ್ತೇನೆ ಅಂದಿದ್ದಾರಾ? ಎಲ್ಲಕ್ಕೂ ಉತ್ತರ ಕೊಟ್ಟೆ. ಕನ್ನಡಕ ಹಾಕಿದ ಒಬ್ಬ ಹೆಂಗಸು ಫೋಟೋ ತಿರುಗಿಸಿ ಮುರುಗಿಸಿ ನೋಡಿ, "ಅವರು ನಿಮಗೆ ಏನಾಗಬೇಕಮ್ಮ?" ಎಂದು ಕೇಳಿದರು.

"ದೊಡ್ಡಮ್ಮ" ಎಂದೆ.

"ಸ್ವಂತ ತಾಯಿ?"

"ಹೊರಗೆ ಕೂತಿದ್ದಾರಲ್ಲ ಮೇಡಂ, ಅವರ ತಂಗಿ." ಎಷ್ಟು ಸಲೀಸಾಗಿ ಬಂತು! ಎಂಟನೆಯ ವಯಸ್ಸಿನಲ್ಲಿ ಬೆಂಚಿನ ಮೇಲೆ ಕಲಿತದ್ದು, ತುಕ್ಕು ಹಿಡಿದಿರಲಿಲ್ಲ. ಆ ಹೆಂಗಸು ತಲೆಯಾಡಿಸಿ ಬರೆದುಕೊಂಡರು. ಗೆದ್ದೆ ಎಂದುಕೊಂಡು ಹೊರಗೆ ಬಂದೆ.

ಆಮೇಲೆ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಬಹಳ ಹೊತ್ತಾಯಿತು. ಹೊರಗೆ ಬಂದಾಗ ಅವಳ ಮುಖ ಹಗುರವಾಗಿತ್ತು. ಅಷ್ಟು ಹಗುರವಾದ ಮುಖವನ್ನು ನಾನು ಅವಳಲ್ಲಿ ನೋಡಿರಲಿಲ್ಲ. ಎಲ್ಲ ಸರಿಹೋಯಿತು ಎಂದುಕೊಂಡೆ. ವಾಪಸು ಬರುವಾಗ ರೈಲಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ಗೌರಿಬಿದನೂರು ದಾಟಿದ ಮೇಲೆ ಎದ್ದು, "ಒಂದ್ ಗುಟುಕು ಮಜ್ಜಿಗೆ ಕೊಡ್ಸಮ್ಮ" ಎಂದಳು. ಕೊಡಿಸಬಾರದಿತ್ತು, ಆದರೂ ಕೊಡಿಸಿದೆ.

ಹದಿನೈದು ದಿನಕ್ಕೆ ಆಸ್ಪತ್ರೆಯಿಂದ ಕಾಗದ ಬಂತು. ಅನುಮತಿ ಇಲ್ಲ. ಓದಿದವಳೇ ಹಿಂದೂಪುರಕ್ಕೆ ಓಡಿದೆ. ಅವಳು ಡಯಾಲಿಸಿಸ್ ಮಂಚದ ಮೇಲಿದ್ದಳು, ಕೈಗೆ ಎರಡು ಕೊಳವೆ. ಸುತ್ತ ಜನ ಇದ್ದಾರೆಂದೂ ನೋಡಲಿಲ್ಲ, ಕಿರುಚಿದೆ.

"ಯಾಕ್ ಹಂಗಂದೆ ಅಮ್ಮಾ? ಏನ್ ಹೇಳ್ಬೇಕು ಅಂತ ಹತ್ತು ಸಲ ಹೇಳ್ಕೊಟ್ಟಿರಲಿಲ್ವಾ? ಸಾಯ್ಬೇಕು ಅಂತಾನೇ ಹೇಳ್ದ್ಯಾ?"

ಅವಳು ಕೊಳವೆ ಇಲ್ಲದ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. "ಸುಮ್ಕಿರಮ್ಮ. ಆಯಮ್ಮ ಪ್ರಮಾಣ ಮಾಡ್ಸಿ ಕೇಳ್ತು, ಈಕೆ ನಿಮ್ಗೇನಾಗ್ಬೇಕು ಅಂತ. ಕೋರ್ಟಾಗೆ ಒಂದ್ಸಲ ನಿನ್ನ ಅಲ್ಲ ಅಂದ್ಬುಟ್ಟಿದ್ದೆ. ಇನ್ನೊಂದ್ಸಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ಕಾನೂನೂ ತೆಗ್ದವ್ರೆ, ತೌಡೂ ಕೊಟ್ಟಾಯ್ತು. ನೀನೂ ಒಳಗೆ ಹಂಗೇ ಅಂದಿರ್ತೀಯ ಅಂದ್ಕಂಡೆ ಕಣಮ್ಮ."

ನಾನು ಹಾಗೆ ಅಂದಿರಲಿಲ್ಲ. ಅವಳು ಆ ಮಾತನ್ನು ಬೈಗುಳದ ಹಾಗೆ ಹೇಳಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಮಣಿಕಟ್ಟು ಬಿಡದೆಯೇ, "ಅಮ್ಮ ಅಂದ್ಯಲ್ಲ ಈಗ" ಎಂದಳು. ಸಿಟ್ಟಿನಲ್ಲಿ ಅಂದಿದ್ದೆನಂತೆ. ನನಗೆ ಗೊತ್ತೇ ಆಗಿರಲಿಲ್ಲ.

ಮೇಲ್ಮನವಿ ಹಾಕಬಹುದಿತ್ತು, ಹಾಕಿದೆವು. ಇಬ್ಬರಲ್ಲಿ ಯಾರು ಸುಳ್ಳು ಹೇಳಿದ್ದು ಎಂದು ಕೇಳಿದರು. ನಾನು ಎಂದರೆ ಜನನ ಪತ್ರ ತಿದ್ದಿಸಿ ತನ್ನಿ, ಅಮ್ಮ ಎಂದರೆ ರೋಗಿ ನಂಬಿಕೆಗೆ ಅರ್ಹರಲ್ಲ. ಅಲ್ಲಿಗೆ ನಿಂತಿತು. ಅಮ್ಮನ ಕೈಯ ನರ ಕಟ್ಟಿಕೊಂಡಿತು. ಕುತ್ತಿಗೆಗೆ ಕೊಳವೆ ಹಾಕಿದರು, ಅದಕ್ಕೆ ಸೋಂಕು ಹತ್ತಿತು. ಯುಗಾದಿಗೆ ಹದಿನೆಂಟು ದಿನ ಇರುವಾಗ ಹೋದಳು.

ಕುಟುಂಬ ಸದಸ್ಯರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು ಎಂದು ಅಣ್ಣ ಫೋನ್ ಮಾಡಿದ. ಆ ಕೆಲಸ ನಾನೇ ಮಾಡುತ್ತೇನಲ್ಲ, ನನ್ನ ಕೈಯಲ್ಲೇ ಟೈಪ್ ಮಾಡಿಸಿದ. ಮೃತರ ಹೆಸರು. ಮಕ್ಕಳು: ಒಂದು ಗಂಡು, ಒಂದು ಹೆಣ್ಣು. ಮೂರನೆಯ ಸಾಲು ತಾನಾಗಿ ಬಂದಿತ್ತು, ಅಳಿಸಿದೆ. "ನಿಂಗೂ ಗೊತ್ತಲ್ಲ ಕಣೇ, ಹಾಕಿದ್ರೆ ಅವ್ರು ಅರ್ಜೀನೇ ತಳ್ಳಾಕ್ತಾರೆ" ಎಂದ ಅಣ್ಣ, ಅಳುತ್ತಿದ್ದ. ಗೊತ್ತು. ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಆಸ್ಪತ್ರೆಯ ಕಾಗದ ನನ್ನ ಹತ್ತಿರವೇ ಇದೆ. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ರೋಗಿಯು ದಾನಿಯನ್ನು ತಾನೇ ಹೆತ್ತ ಮಗಳೆಂದು ಹೇಳಿದ್ದಾರೆ, ದಾನಿಯು ರೋಗಿಯನ್ನು ತನ್ನ ದೊಡ್ಡಮ್ಮ ಎಂದು ಹೇಳಿದ್ದಾರೆ, ಹೇಳಿಕೆಗಳು ಹೊಂದುವುದಿಲ್ಲವಾದ್ದರಿಂದ ಅನುಮತಿ ನಿರಾಕರಿಸಲಾಗಿದೆ. ಕೆಳಗೆ ಮೊಹರು, ಸಹಿ. ನಾನು ಅವಳ ಮಗಳೆಂದು ಅವಳು ಹೇಳಿದ್ದು ಮೊಹರಿನ ಸಮೇತ ಇರುವ ಕಾಗದ ಈ ದೇಶದಲ್ಲಿ ಇದೊಂದೇ. ಅಂಗಡಿಯಲ್ಲಿ ಜನನ ಪತ್ರಗಳ ಲ್ಯಾಮಿನೇಷನ್ನಿಗೆ ಒಂದು ಮೆಷಿನ್ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದಕ್ಕೂ ಲ್ಯಾಮಿನೇಷನ್ ಮಾಡಿಕೊಂಡೆ.